ಗುರುವಿನ ಉಂಗುರ ನೋಡಬೇಕಾದರೆ ಗುರುವಿನ ಹಿಂದೆ ಹೋಗಬೇಕು

ಗುರು ಗ್ರಹಕ್ಕೂ ಉಂಗುರ ಇದೆ ಅಂದರೆ ತುಂಬಾ ಜನ ನಂಬುವುದಿಲ್ಲ. ನಂಬದೇ ಇರುವುದು ಸಹಜವೇ. ಬೆಂಗಳೂರಿನ ತಾರಸಿಯಿಂದ ಸಣ್ಣ ಟೆಲಿಸ್ಕೋಪ್ ತಿರುಗಿಸಿದರೂ ಗುರುವಿನ ಪಟ್ಟೆಗಳು ಕಾಣುತ್ತವೆ, ಪಕ್ಕದಲ್ಲಿ ಸಾಲಾಗಿ ಅದರ ದೊಡ್ಡ ಚಂದ್ರಗಳೂ ಕಾಣುತ್ತವೆ. ಉಂಗುರ ಮಾತ್ರ ಇಲ್ಲ. ಅದಕ್ಕೆ ನಗರದ ಬೆಳಕನ್ನು ದೂರಬೇಕಿಲ್ಲ. ಎಂಥ ಕತ್ತಲೆಯ ಬೆಟ್ಟ ಹತ್ತಿದರೂ ಆ ಟೆಲಿಸ್ಕೋಪಿಗೆ ಅದು ಸಿಗುವುದಿಲ್ಲ.

ಉಂಗುರವನ್ನು ನೇರವಾಗಿ ನೋಡದೆಯೂ ಪತ್ತೆ ಹಚ್ಚಬಹುದು. 1977ರ ಮಾರ್ಚ್ 10ರಂದು ಯುರೇನಸ್ ಗ್ರಹ ಆಕಾಶದಲ್ಲಿ ಒಂದು ನಕ್ಷತ್ರದ ಮುಂದೆ ಹಾದುಹೋಗುವುದಿತ್ತು. ಅಮೆರಿಕದ ಜೇಮ್ಸ್ ಎಲಿಯಟ್ ತಂಡ ವಿಮಾನದಲ್ಲಿ ಟೆಲಿಸ್ಕೋಪ್ ಇಟ್ಟುಕೊಂಡು ಹಾರಿತು. ತಮಿಳುನಾಡಿನ ಕಾವಲೂರಿನಲ್ಲಿ, ನಮ್ಮ ಕೋರಮಂಗಲದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನ 1 ಮೀಟರ್ ಟೆಲಿಸ್ಕೋಪಿನಲ್ಲಿ ಜೆ.ಸಿ. ಭಟ್ಟಾಚಾರ್ಯ ಮತ್ತು ಕುಪ್ಪುಸ್ವಾಮಿ ಕಾದಿದ್ದರು. ಎರಡೂ ಕಡೆ ನಕ್ಷತ್ರದ ಬೆಳಕು ಸ್ವಲ್ಪ ಹೊತ್ತು ಕುಗ್ಗಿತು. ಅಡ್ಡ ಬಂದದ್ದು ಯುರೇನಸ್ಸಿನ ಉಂಗುರ. ಆ ಸಂಶೋಧನೆಯಲ್ಲಿ ಕಾವಲೂರಿನ ಪಾಲನ್ನು ನಾವು ಇನ್ನೂ ಜಾಸ್ತಿ ನೆನೆಯಬೇಕು.

ಆದರೆ ಈ ಉಪಾಯ ಗುರುವಿನ ಹತ್ತಿರ ನಡೆಯುವುದಿಲ್ಲ. ಅಲ್ಲಿರುವುದು ಹೆಚ್ಚಾಗಿ ಧೂಳೇ. ಮುಖ್ಯ ಉಂಗುರವೇ ನಕ್ಷತ್ರದ ಬೆಳಕಿನ ಹತ್ತು ಲಕ್ಷ ಪಾಲಿನಲ್ಲಿ ಕೆಲವೇ ಪಾಲು ತಡೆಯುತ್ತದೆ. ನೆರಳೇ ಬೀಳದ ವಸ್ತುವನ್ನು ನೆರಳಿನಿಂದ ಹಿಡಿಯುವುದು ಹೇಗೆ?

ಸಂಜೆ ಮೈಸೂರು ರಸ್ತೆಯಲ್ಲಿ ಕೆಂಗೇರಿ ಕಡೆ ಕಾರು ಓಡಿಸಿದ್ದೀರಲ್ವಾ? ಸೂರ್ಯ ಎದುರಿಗಿದ್ದಾಗ ಮುಂದಿನ ಗಾಜಿನ ಧೂಳೆಲ್ಲ ಬೆಳ್ಳಗೆ ಹೊಳೆಯುತ್ತದೆ. ಕಾರನ್ನು ಊರಿನ ಕಡೆ ತಿರುಗಿಸಿ, ಅದೇ ಗಾಜು ತೊಳೆದಂತಿರುತ್ತದೆ. ಕಣದ ಗಾತ್ರ ಬೆಳಕಿನ ಅಲೆಯಷ್ಟೇ ಚಿಕ್ಕದಾದಾಗ, ಅದಕ್ಕೆ ತಾಗಿದ ಬೆಳಕು ವಾಪಸ್ ಬರುವುದು ಕಡಿಮೆ. ಹೆಚ್ಚಿನದು ಸ್ವಲ್ಪ ಬಾಗಿ ಮುಂದಕ್ಕೇ ಹೋಗುತ್ತದೆ. ಗುರುವಿನ ಉಂಗುರದ ಧೂಳು ಸುಮಾರು ಆ ಗಾತ್ರದ್ದೇ, ಮಿಲಿಮೀಟರಿನ ಸಾವಿರ ಪಾಲಿನಲ್ಲಿ ಒಂದು ಪಾಲಿನಷ್ಟು. ಭೂಮಿಯಿಂದ ನೋಡುವಾಗ ಗುರುವಿನ ಮೇಲೆ ಬಿಸಿಲು ಯಾವಾಗಲೂ ನಾವಿರುವ ಕಡೆಯಿಂದಲೇ ಬೀಳುತ್ತದೆ. ಗುರುವಿನಲ್ಲಿ ನಿಂತವರಿಗೆ ಸೂರ್ಯ ಮತ್ತು ಭೂಮಿಯ ನಡುವಿನ ಕೋನ ಸುಮಾರು 12 ಡಿಗ್ರಿ ದಾಟುವುದೇ ಇಲ್ಲ. ಅಂದರೆ ಧೂಳು ನೋಡಲು ನಾವಿರುವ ಜಾಗವೇ ಸರಿಯಿಲ್ಲ.

1979ರ ಮಾರ್ಚ್ 4ರಂದು ನಾಸಾದ ವಾಯೇಜರ್ 1 ನೌಕೆ ಗುರುವಿನ ಸಮಭಾಜಕದ ನೇರಕ್ಕೆ ಬಂದಾಗ, ಏನೂ ಇಲ್ಲದಂತಿದ್ದ ಜಾಗಕ್ಕೆ ಕ್ಯಾಮೆರಾ ತಿರುಗಿಸಿ 11 ನಿಮಿಷ 12 ಸೆಕೆಂಡ್ ತೆರೆದಿಟ್ಟರು. ಅಂಚಿನ ಕಡೆಯಿಂದ ನೋಡಿದರೆ ಇರುವ ಧೂಳೆಲ್ಲ ಒಂದೇ ಗೆರೆಯಲ್ಲಿ ಸೇರುತ್ತದೆ. ನೌಕೆ ಅಲುಗಿದ್ದರಿಂದ ನಕ್ಷತ್ರಗಳು ಹೇರ್‌ಪಿನ್ ಆಕಾರದಲ್ಲಿ ಮೂಡಿದವು, ಅವುಗಳ ನಡುವೆ ಮಸುಕಾದ ಪಟ್ಟಿಯೊಂದು ಹಾದುಹೋಗಿತ್ತು. ಜುಲೈನಲ್ಲಿ ವಾಯೇಜರ್ 2 ಗುರುವನ್ನು ದಾಟಿ, ಹಿಂದಿನಿಂದ ಸೂರ್ಯನ ಕಡೆ ತಿರುಗಿ ನೋಡಿತು. ಆಗ ಉಂಗುರ ಚೆನ್ನಾಗಿ ಹೊಳೆಯಿತು.

ಅಷ್ಟು ದೂರ ಹೋಗಲಾಗದವರಿಗೆ ಇನ್ನೊಂದು ದಾರಿ ಇದೆ. ಗುರುವಿನ ಗಾಳಿಯಲ್ಲಿರುವ ಮೀಥೇನ್ ಅನಿಲ ಕಣ್ಣಿಗೆ ಕಾಣದ ಕೆಲವು ಇನ್‌ಫ್ರಾರೆಡ್ ಬಣ್ಣಗಳನ್ನು ನುಂಗಿಬಿಡುತ್ತದೆ. ಆ ಬಣ್ಣದಲ್ಲಿ ನೋಡಿದರೆ ಗ್ರಹ ಕಪ್ಪಾಗುತ್ತದೆ, ಉಂಗುರ ಉಳಿಯುತ್ತದೆ. ಹವಾಯಿಯ ಕೆಕ್ ಟೆಲಿಸ್ಕೋಪ್ ಹೀಗೇ ಉಂಗುರವನ್ನು ಹಿಡಿಯಿತು. ಗ್ರಹಕ್ಕಿಂತ ಹತ್ತು ಲಕ್ಷ ಪಟ್ಟು ಮಂಕಾದ ಆ ಉಂಗುರ 2022ರಲ್ಲಿ ಜೇಮ್ಸ್ ವೆಬ್ ಬಾಹ್ಯಾಕಾಶ ಟೆಲಿಸ್ಕೋಪಿನ ಚಿತ್ರದಲ್ಲೂ ಕಂಡಿತು.

ಈ ಧೂಳು ಬಂದದ್ದಾದರೂ ಎಲ್ಲಿಂದ? ಇಷ್ಟು ಸಣ್ಣ ಕಣಗಳು ಬಹಳ ಕಾಲ ಅಲ್ಲೇ ನಿಲ್ಲಲಾರವು, ಹೊಸದು ಬರುತ್ತಲೇ ಇರಬೇಕು. ಉತ್ತರ ಕೊಟ್ಟದ್ದು ಗೆಲಿಲಿಯೋ ನೌಕೆ. ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಇದೇ. ಗುರುವಿನ ಹತ್ತಿರ ಮೀಟಿಸ್, ಅಡ್ರಾಸ್ಟಿಯಾ, ಅಮಲ್ಥಿಯಾ, ಥೀಬಿ ಎಂಬ ನಾಲ್ಕು ಸಣ್ಣ ಚಂದ್ರಗಳಿವೆ. ಸಣ್ಣ ಸಣ್ಣ ಉಲ್ಕೆಗಳು ಬಡಿದಾಗ ಧೂಳು ಎದ್ದು ಹಾರುತ್ತದೆ. ಹಿಡಿದಿಡುವಷ್ಟು ಗುರುತ್ವ ಆ ಚಂದ್ರಗಳಿಗಿಲ್ಲ. ಅಮಲ್ಥಿಯಾ ಮತ್ತು ಥೀಬಿಯ ಕಕ್ಷೆಗಳು ಸ್ವಲ್ಪ ಓರೆ, ಹಾಗಾಗಿ ಸುತ್ತುವಾಗ ಅವು ಮೇಲೆ ಕೆಳಗೆ ಹೋಗುತ್ತವೆ. ಮುಖ್ಯ ಉಂಗುರದ ಹೊರಗಿರುವ ಎರಡು ಮಸುಕಾದ ಉಂಗುರಗಳ ದಪ್ಪ ಅಳೆದರೆ, ಒಂದು ಅಮಲ್ಥಿಯಾ ಏರಿಳಿಯುವಷ್ಟು, ಇನ್ನೊಂದು ಥೀಬಿ ಏರಿಳಿಯುವಷ್ಟು.