ಮದಕದ ದಂಡೆಯಲ್ಲಿ ಹಕ್ಕಿ ಹೌಸಿ

ಮೊದಲು ನಾನು ಮಾಡಿದ ತಪ್ಪನ್ನೇ ಹೇಳಿಬಿಡುತ್ತೇನೆ. ಕಳೆದ ಚಳಿಗಾಲದಲ್ಲಿ ಮಕ್ಕಳನ್ನು ಮದಕದ ದಂಡೆಗೆ ಕರೆದುಕೊಂಡು ಹೋಗುವಾಗ ಒಂಬತ್ತು ಮನೆಯ ಹೌಸಿ ಕಾರ್ಡು ಮಾಡಿದ್ದೆ. ಹಕ್ಕಿ ಕಂಡ ಹಾಗೆ ಅದರ ಮನೆಗೆ ಗುರುತು ಹಾಕುವ ಆಟ. ಒಂಬತ್ತರಲ್ಲೂ ಬಾತುಗಳೇ. ಸೂಜಿಬಾಲದ ಬಾತು, ಬಿಳಿಹುಬ್ಬಿನ ಬಾತು, ಹೀಗೆ. ಎರಡು ಗಂಟೆ ಕಾದರೂ ಕಂಡದ್ದು ಒಂದೇ ಜಾತಿ, ಶಿಳ್ಳೆಬಾತು. ಅದೂ ನಿದ್ದೆಯಲ್ಲಿತ್ತು! ಮಕ್ಕಳು ಚಿಪ್ಸ್ ಪ್ಯಾಕೆಟ್ ಬಿಚ್ಚಿದರು.

ಮಂಜೇಶ್ವರ, ಕುಂಬಳೆ ಕಡೆಯವರಿಗೆ ಮದಕ ಗೊತ್ತು. ಉಳಿದವರಿಗಾಗಿ ಹೇಳುವುದಾದರೆ, ಗುಡ್ಡದ ಮಳೆನೀರು ಬಂದು ನಿಲ್ಲುವ ಕೆರೆ. ಇಂಥ ಜಾಗದಲ್ಲಿ ನಿಜವಾದ ಬಾತುಗಳು ಕಡಿಮೆ, ನೀರಿನ ಜೊತೆ ಬದುಕುವ ಬೇರೆ ಹಕ್ಕಿಗಳೇ ಜಾಸ್ತಿ. ಹಾಗಾಗಿ ಈಗ ನನ್ನ ಕಾರ್ಡಿನಲ್ಲಿ ಹೆಸರುಗಳಿಲ್ಲ, ಹಕ್ಕಿ ಮಾಡುವ ಕೆಲಸಗಳಿವೆ. ಮುಳುಗಿ ಬೇರೆ ಕಡೆ ಏಳುವುದು. ಬಾಲ ಮೇಲೆ ಮಾಡಿ ತಲೆ ನೀರಿಗೆ ಹಾಕುವುದು. ರೆಕ್ಕೆ ಬಿಚ್ಚಿ ಒಣಗಿಸುವುದು. ಒಂಟಿಕಾಲಲ್ಲಿ ನಿಲ್ಲುವುದು. ನಡೆಯುತ್ತಾ ಬಾಲ ಕುಣಿಸುವುದು. ಕೂತಾಗ ಕಂದು, ಹಾರಿದಾಗ ಬಿಳಿ. ಉಳಿದ ಮನೆಗಳನ್ನು ನಿಮ್ಮೂರಿನ ಕೆರೆ ನೋಡಿ ನೀವೇ ತುಂಬಿಸಿ.

ಇದರಲ್ಲಿ ಕಲಿಯಲಿಕ್ಕೆ ತುಂಬ ಇದೆ. ರೆಕ್ಕೆ ಒಣಗಿಸುವ ಮನೆಯನ್ನೇ ನೋಡಿ. ಮದಕದ ನಡುವೆ ಒಣಕೊಂಬೆಯ ಮೇಲೆ ನೀರುಕಾಗೆ ರೆಕ್ಕೆ ಹರಡಿ ಕೂತಿತ್ತು. "ಟೀಚರೇ, ಕೊಡೆ ಒಣಗಲಿಕ್ಕೆ ಇಟ್ಟ ಹಾಗೆ ಉಂಟು" ಎಂದ ಐದನೇ ಕ್ಲಾಸಿನ ಹುಡುಗ. ಸರಿಯಾಗಿಯೇ ಹೇಳಿದ. ಬಾತು ಬಾಲದ ಬುಡದಲ್ಲಿರುವ ಗ್ರಂಥಿಯ ಎಣ್ಣೆಯನ್ನು ಕೊಕ್ಕಿನಿಂದ ಗರಿಗಳಿಗೆ ಹಚ್ಚಿಕೊಳ್ಳುತ್ತದೆ. ಗರಿಗಳ ಒತ್ತಾದ ಹೆಣಿಗೆಯೂ ಸೇರಿ ನೀರು ಒಳಗೆ ಇಳಿಯುವುದಿಲ್ಲ. ನೀರುಕಾಗೆಯ ಗರಿಯ ಹೊರಭಾಗ ಒದ್ದೆಯಾಗುತ್ತದೆ. ಅದು ದೋಷವೇನಲ್ಲ. ಗರಿ ನೆನೆದರೆ ಒಳಗಿನ ಗಾಳಿ ಕಡಿಮೆಯಾಗುತ್ತದೆ, ಮೀನಿನ ಹಿಂದೆ ಮುಳುಗಲು ಸುಲಭ. ಆಮೇಲೆ ಬಿಸಿಲಿಗೆ ಕೂರಲೇಬೇಕು. ಹೀಗೆ ಒಂದು ಮನೆ ತುಂಬಿದರೆ ಅರ್ಧ ಗಂಟೆಯ ಪಾಠ ಆಗುತ್ತದೆ.

ಅದೇ ನೀರುಕಾಗೆ ಮುಳುಗಿದ ಕೂಡಲೇ ಎಲ್ಲರೂ ಮನಸ್ಸಿನಲ್ಲೇ ಎಣಿಸಬೇಕು. ಎಲ್ಲಿ ಏಳುತ್ತದೆ ಅಂತ ಬೆರಳು ತೋರಿಸಿ ಹಿಡಿಯಬೇಕು. ಸರಿಯಾಗಿ ತೋರಿಸಿದವರಿಗೆ ಒಂದು ಅಂಕ. ಇದರಲ್ಲಿ ದೊಡ್ಡವರು ಸೋಲುವುದೇ ಜಾಸ್ತಿ.

ಹೆಸರು ಬೇಕೇ ಬೇಕು ಎನ್ನುವವರು ಮೂರು ಪ್ರಶ್ನೆ ಕೇಳಿಕೊಳ್ಳಿ. ಈಜುತ್ತದಾ? ಕೊಕ್ಕು ಚಪ್ಪಟೆಯಾ, ಚೂಪಾ? ಕಾಲ್ಬೆರಳ ನಡುವೆ ಪೊರೆ ಇದೆಯಾ? ಚಪ್ಪಟೆ ಕೊಕ್ಕು, ಮುಂದಿನ ಮೂರು ಬೆರಳಿಗೆ ಪೊರೆ ಇದ್ದರೆ ಬಾತು. ನೀರುಕಾಗೆಗೆ ತುದಿ ಬಾಗಿದ ಕೊಕ್ಕು, ನಾಲ್ಕು ಬೆರಳಿಗೂ ಪೊರೆ. ಹುಂಡುಕೋಳಿಗೆ ಪೊರೆಯೇ ಇಲ್ಲ, ಉದ್ದ ಬೆರಳು. ಬಾಲ ಕುಣಿಸುತ್ತಾ ಬೈಲಿನ ಬದುವಿನಲ್ಲಿ ಓಡುವುದು ಅದೇ. ಬೆಳ್ಳಕ್ಕಿಯಲ್ಲಿ ಕಪ್ಪು ಕೊಕ್ಕು, ಕಪ್ಪು ಕಾಲು, ಹಳದಿ ಪಾದ ಕಂಡರೆ ಅದು ಚಿಕ್ಕ ಬೆಳ್ಳಕ್ಕಿ. ಕಾಲು ಕೆಸರಿನಲ್ಲಿದ್ದರೆ ಹಾರುವವರೆಗೆ ಕಾಯಿರಿ. ಬೇರೆ ದಾರಿ ಇಲ್ಲ.

ನಮ್ಮ ಕಡೆ ಆಟಕ್ಕೆ ಇನ್ನೊಂದು ರುಚಿ ಇದೆ. ಮಕ್ಕಳಲ್ಲಿ ಒಬ್ಬ ಮನೆಯಲ್ಲಿ ತುಳು ಮಾತಾಡುತ್ತಾನೆ, ಇನ್ನೊಬ್ಬಳು ಮಲಯಾಳ, ಮತ್ತೊಬ್ಬಳು ಮರಾಠಿ. ಮನೆಮಾತಿನ ಹೆಸರು ತಂದವರಿಗೆ ಎರಡು ಅಂಕ. ನಮ್ಮ ನೀರುಕಾಗೆ ಮಲಯಾಳದಲ್ಲೂ ನೀರ್ಕಾಕ್ಕ. ಶಿಳ್ಳೆಬಾತು ಅಲ್ಲಿ ಚೂಳನ್ ಎರಂಡ, ಚೂಳಂ ಅಂದರೆ ಶಿಳ್ಳೆಯೇ. ಎರಡೂ ಭಾಷೆಯವರ ಕಿವಿಗೆ ಒಂದೇ ಕೇಳಿಸಿದೆ, ಅಲ್ವಾ?

ಹೋಗಲು ಒಳ್ಳೆಯ ಕಾಲ ನವೆಂಬರಿನಿಂದ ಫೆಬ್ರವರಿ. ಉತ್ತರದಿಂದ ವಲಸೆ ಬರುವ ಹಕ್ಕಿಗಳೂ ಆಗ ಇರುತ್ತವೆ. 1987ರಿಂದ ನಡೆಯುವ ಏಷ್ಯಾದ ನೀರುಹಕ್ಕಿ ಗಣತಿಯೂ ಜನವರಿಯಲ್ಲೇ. ಬೆಳಿಗ್ಗೆ ಬೇಗ ಹೋಗಿ. ಶಿಳ್ಳೆಬಾತು ಹೆಚ್ಚಾಗಿ ರಾತ್ರಿ ಮೇಯುತ್ತದೆ, ಹಗಲು ತೂಕಡಿಸುತ್ತದೆ. ನನ್ನ ಮೊದಲ ಸಲದ ನಿದ್ದೆಯ ಗುಟ್ಟು ಇದೇ. ಮದಕ ಇಲ್ಲದವರು ಹೊಳೆ ಕಡಲಿಗೆ ಸೇರುವ ಅಳಿವೆಗೆ ಹೋಗಬಹುದು. 2023ರಲ್ಲಿ ಕಾಸರಗೋಡು ಜಿಲ್ಲೆಯ ಹಕ್ಕಿ ಎಂದು ಘೋಷಿಸಿದ ಬಿಳಿಹೊಟ್ಟೆಯ ಕಡಲ ಹದ್ದು ಅಲ್ಲಿ ಕಂಡರೆ ಐದು ಅಂಕ ಕೊಡಿ.

ಮನೆ ತುಂಬಿದಾಗ "ಹೌಸಿ!" ಅಂತ ಕೂಗಬಾರದು. ಕೂಗಿದರೆ ಮದಕ ಖಾಲಿ. ಸುಮ್ನೆ ಕೈ ಎತ್ತಬೇಕು. ಕಲ್ಲು ಎಸೆದು ಹಾರಿಸಿದವರ ಕಾರ್ಡು ರದ್ದು. ದಂಡೆಯ ತುದಿಗೆ ಮಕ್ಕಳನ್ನು ಬಿಡಬೇಡಿ, ಕೆಂಪುಕಲ್ಲು ಪಾಚಿ ಹಿಡಿದು ಜಾರುತ್ತದೆ. ಐದಾರು ಮಕ್ಕಳಿಗೆ ಒಬ್ಬರು ದೊಡ್ಡವರು ಬೇಕು.

ಗುಂಪು ಎಣಿಸುವುದು ಮಾತ್ರ ಅಭ್ಯಾಸದಿಂದಲೇ ಬರುವ ಕೆಲಸ. ಹತ್ತು ಹಕ್ಕಿ ಎಷ್ಟು ಜಾಗ ಹಿಡಿಯುತ್ತವೆ ನೋಡಿಕೊಂಡು, ಅಂಥ ಎಷ್ಟು ತುಂಡು ಇವೆ ಅಂತ ಲೆಕ್ಕ ಹಾಕಬೇಕು. ಮನೆಯಂಗಳದಲ್ಲೇ ಕಲಿಯಬಹುದು. ಒಂದು ಬೊಗಸೆ ಅಡಿಕೆ ಚೆಲ್ಲಿ, ಐದು ಸೆಕೆಂಡು ನೋಡಿ, ಬೈರಾಸಿನಿಂದ (ಟವೆಲಿನಿಂದ) ಮುಚ್ಚಿ, ಎಷ್ಟು ಅಂತ ಹೇಳಿ. ನಾನು ಮೊದಲ ದಿನ ಅರವತ್ತೆರಡನ್ನು ನಲವತ್ತು ಅಂದಿದ್ದೆ. ಆಟ ಮುಗಿದ ಮೇಲೆ ಅಡಿಕೆ ಅಜ್ಜನಿಗೆ ವಾಪಸ್ ಕೊಡಿ. ಅವರು ಎಣಿಸಿಯೇ ಕೊಟ್ಟಿರುತ್ತಾರೆ.