ಪದ ಪರಿಚಯ: ವೇಕ್ ವರ್ಡ್

ಬಾಯಿಮಾತಿನಲ್ಲಿ ಹೇಳಿದರೆ ಕೆಲಸ ಮಾಡುವ ಸ್ಮಾರ್ಟ್ ಸ್ಪೀಕರ್ ಮನೆಗೆ ಬಂದ ದಿನ ಅವ್ವ ಒಂದು ಪ್ರಶ್ನೆ ಕೇಳಿದಳು. ರಾಯಚೂರಿನ ನಮ್ಮ ಹಳೇ ಮನೆಯ ಪಡಸಾಲೆಯಲ್ಲಿ ಗೋಡೆಗೆ ಒಂದು ಮಾಡ ಇದೆ. ಮೊದಲು ಅಲ್ಲಿ ಚಿಮಣಿ ಇಡುತ್ತಿದ್ದರಂತೆ. ಅದೇ ಮಾಡದಲ್ಲಿ ಸ್ಪೀಕರ್ ಕೂರಿಸಿ, "ಹೆಸರು ಹಿಡಿದು ಕರದ್ರ ಅಷ್ಟ ಕೇಳ್ತೈತಿ ಅವ್ವಾ, ಇಲ್ಲಂದ್ರ ಸುಮ್ನ ಇರ್ತೈತಿ" ಅಂತ ನಾನು ದೊಡ್ಡದಾಗಿ ಹೇಳುತ್ತಿದ್ದೆ. ಅವ್ವ ರೊಟ್ಟಿ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಬಂದಳು.

"ಹೆಸರು ಕರದ್ರ ಅಷ್ಟ ಕೇಳ್ತೈತಿ ಅಂತೀಯಲ್ಲ, ಮತ್ತ ಹೆಸರು ಕರದಿದ್ದು ಅದಕ್ಕ ಹೆಂಗ ಕೇಳ್ತು?"

ಸರಿಯಾದ ಪ್ರಶ್ನೆ ಅಲ್ವಾ? ನನಗೆ ಉತ್ತರ ಹೊಳೆಯಲಿಲ್ಲ. ಆ ಉತ್ತರ ಪೂರ್ತಿ ಅಡಗಿರುವುದು ಒಂದೇ ಪದದಲ್ಲಿ. ಅದೇ ವೇಕ್ ವರ್ಡ್.

ಪದದ ಅರ್ಥ ಸರಳ. ವೇಕ್ ಅಂದರೆ ಎಚ್ಚರ, ವರ್ಡ್ ಅಂದರೆ ಪದ. ಯಂತ್ರವನ್ನು ಎಬ್ಬಿಸುವ ಪದ. ಕೆಲವರು ಇದನ್ನೇ ಹಾಟ್ ವರ್ಡ್ ಅಂತಲೂ ಕರೆಯುತ್ತಾರೆ. ಕನ್ನಡದಲ್ಲಿ 'ಎಚ್ಚರ ಪದ' ಅನ್ನಬಹುದು, ಆದರೆ ನನಗೆ 'ಕೂಗುವ ಹೆಸರು' ಅನ್ನೋದೇ ಇಷ್ಟ. ನಮ್ಮ ಕಡೆ ಒಬ್ಬೊಬ್ಬರಿಗೆ ಎರಡು ಹೆಸರು ಇರುತ್ತವಲ್ಲ, ಹಾಗೆ. ಶಾಲೆಯ ರಿಜಿಸ್ಟರಿನಲ್ಲಿ ಬಸವರಾಜ, ಓಣಿಯಲ್ಲಿ ಬಸ್ಯಾ. ಬಸವರಾಜ ಅಂದರೆ ತಿರುಗದ ಹುಡುಗ, ಬಸ್ಯಾ ಅಂದ ತಕ್ಷಣ ಓಡಿಬರುತ್ತಾನೆ. ಡಬ್ಬದ ಮೇಲೆ ಬರೆದದ್ದು ಸ್ಪೀಕರಿನ ರಿಜಿಸ್ಟರ್ ಹೆಸರು. ಅದು ಓಗೊಡುವುದು ಕೂಗುವ ಹೆಸರಿಗೆ.

ಈಗ ಅವ್ವನ ಪ್ರಶ್ನೆ. ಕನ್ನಡದಲ್ಲಿ ಇದಕ್ಕೆ ಒಳ್ಳೆಯ ಎರಡು ಮಾತಿವೆ: ಕಿವಿಗೆ ಬೀಳುವುದು ಮತ್ತು ಕಿವಿಗೊಡುವುದು. ಮಧ್ಯಾಹ್ನ ಕಟ್ಟೆಯ ಮೇಲೆ ಮಲಗಿದವರ ಕಿವಿಗೆ ಬೀದಿಯ ಎಲ್ಲ ಸದ್ದೂ ಬೀಳುತ್ತದೆ. ತರಕಾರಿಯವನ ಕೂಗು, ಬೈಕು, ನಾಯಿ. ಒಂದಕ್ಕೂ ಎಚ್ಚರವಾಗುವುದಿಲ್ಲ. ಯಾರೋ ಅವರ ಹೆಸರು ಹೇಳಿದರೆ ಮಾತ್ರ ಕಣ್ಣು ತೆರೆಯುತ್ತಾರೆ. ಸ್ಪೀಕರ್ ಕೂಡ ಹೀಗೇ. ಅದರ ಮೈಕ್‌ಗೆ ಮನೆಯ ಮಾತೆಲ್ಲ ಸದಾ ಬೀಳುತ್ತಲೇ ಇರುತ್ತದೆ. ಒಳಗಿನ ಸಣ್ಣ ಚಿಪ್ ಆ ಸದ್ದನ್ನು ಚೂರುಚೂರಾಗಿ ತೆಗೆದುಕೊಂಡು 'ಇದು ನನ್ನ ಹೆಸರಾ, ಇದು ನನ್ನ ಹೆಸರಾ' ಅಂತ ತಾಳೆ ನೋಡುತ್ತದೆ. ಅಲ್ಲದಿದ್ದರೆ ಅಲ್ಲೇ ಅಳಿಸುತ್ತದೆ. ಕೆಲವೇ ಸೆಕೆಂಡಿನ ಸದ್ದು ಅದರಲ್ಲಿ ನಿಲ್ಲುತ್ತದೆ, ಹೊಸದು ಬಂದಂತೆ ಹಳೆಯದು ಹೋಗುತ್ತದೆ. ಹೆಸರು ತಾಳೆಯಾದ ಮೇಲೆಯೇ ಸ್ಪೀಕರಿನ ದೀಪ ಹೊತ್ತುವುದು. ಆಮೇಲೆ ನೀವು ಆಡಿದ ಮಾತು ಮನೆ ಬಿಟ್ಟು ಇಂಟರ್ನೆಟ್ ಮೂಲಕ ಕಂಪನಿಯ ಸರ್ವರಿಗೆ, ಅಂದರೆ ಎಲ್ಲೋ ದೂರದಲ್ಲಿರುವ ಕಂಪನಿಯ ಕಂಪ್ಯೂಟರಿಗೆ ಹೋಗುತ್ತದೆ. ಅಲ್ಲಿ ಮಾತು ಅಕ್ಷರವಾಗಿ, ಅಕ್ಷರಕ್ಕೆ ಅರ್ಥ ಹಚ್ಚಿ, ಉತ್ತರ ಮರಳಿ ಬರುತ್ತದೆ. ಅಂದರೆ ವೇಕ್ ವರ್ಡ್ ಒಂದು ಹೊಸ್ತಿಲು. ಅದರ ಈಚೆಗೆ ಮನೆ, ಆಚೆಗೆ ಬೀದಿ.

ನಂಬಿಕೆ ಬರದಿದ್ದರೆ ನಾನು ಮಾಡಿದ್ದನ್ನೇ ಮಾಡಿ ನೋಡಿ. ವೈಫೈ ರೌಟರಿನ ಪಿನ್ ಕಿತ್ತು ಹಾಕಿ, ಒಂದೆರಡು ನಿಮಿಷ ಬಿಟ್ಟು ಸ್ಪೀಕರಿನ ಹೆಸರು ಕರೆಯಿರಿ. ನೆಟ್ ಇಲ್ಲ, ಆದರೂ ಅದು ಓಗೊಡುತ್ತದೆ. ಆಮೇಲೆ 'ಫ್ಯಾನ್ ಆನ್' ಅನ್ನಿ. ಇಂಟರ್ನೆಟ್ ಸಿಗುತ್ತಿಲ್ಲ ಅಂತ ಕೈಚೆಲ್ಲುತ್ತದೆ. ಹೆಸರು ಗುರುತಿಸುವ ಬುದ್ಧಿ ಡಬ್ಬಿಯೊಳಗೇ ಇದೆ, ಉಳಿದ ಬುದ್ಧಿಯೆಲ್ಲ ಹೊರಗೆ. ಪಡಸಾಲೆಯಲ್ಲಿ ಆಡಿದ ಮಾತು ಎಲ್ಲೋ ದೂರ ಹೋಗಿ ಬಂದು, ಎರಡು ಮಾರು ಆಚೆಗಿನ ಬಲ್ಬ್ ಹೊತ್ತಿಸುತ್ತದೆ. ಯೋಚಿಸಿದರೆ ನಗು ಬರುತ್ತದೆ.

ಹಾಗಾದರೆ ನಮಗೆ ಬೇಕಾದ ಹೆಸರು ಇಡಬಹುದಲ್ಲ, 'ತಂಗಿ' ಅಂತಲೋ 'ರಾಜಾ' ಅಂತಲೋ? ಸಾಮಾನ್ಯವಾಗಿ ಆಗುವುದಿಲ್ಲ. ಕಂಪನಿ ಕೊಟ್ಟ ನಾಲ್ಕಾರು ಹೆಸರುಗಳಲ್ಲೇ ಒಂದನ್ನು ಆರಿಸಬೇಕು. ಆ ಪುಟ್ಟ ಚಿಪ್‌ಗೆ ಅಕ್ಷರ ಗೊತ್ತಿಲ್ಲ. ಗಂಡಸರು, ಹೆಂಗಸರು, ಮಕ್ಕಳು, ನಾನಾ ಧಾಟಿಯವರು ಅದೊಂದೇ ಪದವನ್ನು ಸಾವಿರಾರು ಸಲ ಹೇಳಿದ್ದನ್ನು ಕೇಳಿಸಿ ಅದನ್ನು ತಯಾರು ಮಾಡಿರುತ್ತಾರೆ. ಪದದ ಆಯ್ಕೆಯೂ ಸುಮ್ನೆ ಅಲ್ಲ. ತೀರಾ ಚಿಕ್ಕದಾದರೆ ಮಾತುಮಾತಿಗೂ ಅದೇ ಬಂದೀತು, ಉದ್ದವಾದರೆ ಕರೆಯುವವರಿಗೆ ಬೇಜಾರು. ಅಮೆಜಾನ್ ತನ್ನ ಎಕೋ ಸ್ಪೀಕರನ್ನು ಅಮೆರಿಕದಲ್ಲಿ ಹೊರತಂದದ್ದು 2014ರ ನವೆಂಬರಿನಲ್ಲಿ. ಭಾರತಕ್ಕೆ ಬಂದದ್ದು 2017ರಲ್ಲಿ. ಅದರ ಹೆಸರು ಅಲೆಕ್ಸಾ, ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಪುರಾತನ ಗ್ರಂಥಾಲಯದ ನೆನಪಿಗೆ. ಇನ್ನೊಂದು ಕಾರಣ, ನಡುವಿನ ಆ 'ಕ್ಸ' ಸದ್ದು. ಇಂಥ ಗಟ್ಟಿ ವ್ಯಂಜನ ಇದ್ದರೆ ಯಂತ್ರಕ್ಕೆ ಗುರುತು ಹಿಡಿಯುವುದು ಸುಲಭ. ಗೂಗಲ್ 'ಓಕೆ ಗೂಗಲ್', 'ಹೇ ಗೂಗಲ್' ಅಂತ ಎರಡು ಪದ ಇಟ್ಟಿತು. ಆಪಲ್‌ನವರು 'ಹೇ ಸಿರಿ' ಇಂದ 'ಹೇ' ತೆಗೆದು ಬರೀ 'ಸಿರಿ' ಅಂದರೆ ಸಾಕು ಅನ್ನುವ ಹೊತ್ತಿಗೆ 2023 ಬಂದಿತ್ತು. ಎರಡಕ್ಷರದ ಹೆಸರನ್ನು ಉಳಿದ ಮಾತಿನಿಂದ ಬಿಡಿಸುವುದು ಅಷ್ಟು ಕಷ್ಟ.

ತಾಳೆ ನೋಡುವುದು ಅಂದೆನಲ್ಲ, ಅದು ಹೌದು-ಇಲ್ಲ ಎಂಬ ತೀರ್ಪು ಅಲ್ಲ, ಒಂದು ಅಂಕ. ಈ ಸದ್ದು ನನ್ನ ಹೆಸರಿಗೆ ಎಷ್ಟು ಹತ್ತಿರ ಅಂತ. ಇಷ್ಟಕ್ಕಿಂತ ಜಾಸ್ತಿ ಅಂಕ ಬಂದರೆ ಏಳು ಅಂತ ಗೆರೆ ಹಾಕಿರುತ್ತಾರೆ. ಜೋಳ ಸೋಸುವ ಜರಡಿ ನೆನೆಸಿಕೊಳ್ಳಿ. ತೂತು ದೊಡ್ಡದಾದರೆ ಹರಳೂ ಕೆಳಗೆ ಬೀಳುತ್ತದೆ, ಅಂದರೆ ಕರೆಯದಿದ್ದರೂ ಎದ್ದು ಕೂರುತ್ತದೆ. ತೂತು ಸಣ್ಣದಾದರೆ ಜೋಳವೇ ಮೇಲೆ ಉಳಿಯುತ್ತದೆ, ಅಂದರೆ ಮೂರು ಸಲ ಕೂಗಿದರೂ ಏಳುವುದಿಲ್ಲ. ಎರಡೂ ತಪ್ಪು ಪೂರಾ ಇಲ್ಲದ ಜರಡಿ ಇನ್ನೂ ಬಂದಿಲ್ಲ. ಅದಕ್ಕೇ ಕೆಲವು ಕಂಪನಿಗಳು ಸರ್ವರಿನಲ್ಲಿ ಇನ್ನೊಮ್ಮೆ ಸೋಸುತ್ತವೆ. ಅಲ್ಲಿ ಹೆಸರಲ್ಲ ಅಂತ ಗೊತ್ತಾದರೆ ದೀಪ ಆರಿಸಿ ಸುಮ್ಮನಾಗುತ್ತದೆ.

ಕನ್ನಡದ ಮನೆಗಳಿಗೆ ಇಲ್ಲೊಂದು ಮಜಾ ಇದೆ. ಅಮೆಜಾನ್‌ನ ಸ್ಪೀಕರಿನಲ್ಲಿ ಅಲೆಕ್ಸಾ ಬೇಡ ಅಂದವರು ಆರಿಸಬಹುದಾದ ಹೆಸರುಗಳಲ್ಲಿ 'ಎಕೋ' ಒಂದು. ಈಗ ನಮ್ಮ ಮನೆಗಳಲ್ಲಿ ದಿನಕ್ಕೆ ಎಷ್ಟು ಸಲ 'ಯಾಕೋ' ಅನ್ನುತ್ತೇವೆ ಎಣಿಸಿ. "ಯಾಕೋ ಉಣ್ಣವಲ್ಲಿ?" "ಯಾಕೋ ತಲಿ ನೋಯಾಕತ್ತೈತಿ." ಇಂಗ್ಲಿಷಿನ ಕಿವಿಗೆ ಎರಡೂ ದಾಯಾದಿಗಳು. ಅಲೆಕ್ಸಾ ಪೂರ್ತಿ ಸುರಕ್ಷಿತ ಅಂದುಕೊಂಡಿರಾ? "ಅಲ್ಲ, ಎಕ್ಸಾಮ್ ಯಾವಾಗ?" ಅಂತ ಉಸಿರು ಬಿಡದೆ ಜೋರಾಗಿ ಹೇಳಿ ನೋಡಿ. ಹತ್ತನೇ ಕ್ಲಾಸಿನ ಮಕ್ಕಳಿರುವ ಮನೆಯವರು ಫೆಬ್ರವರಿ-ಮಾರ್ಚಿನಲ್ಲಿ ಜ್ವಾಕಿ. ಈ ಪದಗಳನ್ನು ಆರಿಸಿದವರು ಕನ್ನಡದ ಮಾತು ಎದುರಿಗಿಟ್ಟುಕೊಂಡು ಕೂತಿರಲಿಲ್ಲ ಅನ್ನೋದು ನನ್ನ ಅಂದಾಜು. ಹಾಗಾಗಿ ಹೆಸರು ಆರಿಸುವಾಗ ಅದು ಚಂದ ಇದೆಯಾ ಅಂತ ನೋಡಬೇಡಿ, ನಿಮ್ಮ ಮನೆಯ ಮಾತಿನಲ್ಲಿ ಅದರಂಥ ಪದ ಎಷ್ಟು ಸಲ ಬರುತ್ತದೆ ನೋಡಿ.

ಬರೀ ಮನೆಯವರ ಮಾತಲ್ಲ, ಟಿವಿಯ ಮಾತೂ ಲೆಕ್ಕಕ್ಕೆ ಬರುತ್ತದೆ. 2017ರ ಜನವರಿಯಲ್ಲಿ ಅಮೆರಿಕದ ಡಲ್ಲಾಸಿನಲ್ಲಿ ಆರು ವರ್ಷದ ಹುಡುಗಿಯೊಬ್ಬಳು ಸ್ಪೀಕರಿಗೆ ಹೇಳಿ ಬೊಂಬೆಮನೆ ತರಿಸಿಕೊಂಡ ಸುದ್ದಿ ಹರಡಿತು. ಸ್ಯಾನ್ ಡಿಯಾಗೊದ ಒಂದು ಟಿವಿ ವಾಹಿನಿಯ ನಿರೂಪಕ ಆ ಸುದ್ದಿ ಹೇಳುತ್ತ, ಹುಡುಗಿಯ ಮಾತನ್ನು ಹೆಸರಿನ ಸಮೇತ ಆಡಿ ತೋರಿಸಿದ. ನೋಡುತ್ತಿದ್ದವರ ಮನೆಗಳ ಸ್ಪೀಕರುಗಳೂ ಎದ್ದು ಬೊಂಬೆಮನೆ ತರಿಸಲು ಹೊರಟವು ಅಂತ ವಾಹಿನಿಗೆ ದೂರು ಬಂದವು. ನಿಮ್ಮ ಮನೆಯಲ್ಲಿ ಮಕ್ಕಳಿದ್ದರೆ ಆ್ಯಪ್‌ನಲ್ಲಿ ಮಾತಿನಿಂದ ಖರೀದಿ ಮಾಡುವುದನ್ನು ಮೊದಲು ಬಂದ್ ಮಾಡಿ.

ಇನ್ನು ಇಡುವ ಜಾಗ. ಇದರಲ್ಲಿ ನಾನು ಎರಡು ತಪ್ಪು ಮಾಡಿದೆ. ಒಂದು, ಆ ಮಾಡ. ಮೂರು ಕಡೆ ಕಲ್ಲುಗೋಡೆ ಇರುವ ಗೂಡಿನಲ್ಲಿ ಸದ್ದು ಬಡಿದು ಬಡಿದು ಕಲಸಿಹೋಗುತ್ತದೆ. ಈ ಸ್ಪೀಕರುಗಳಲ್ಲಿ ಒಂದಕ್ಕಿಂತ ಹೆಚ್ಚು ಮೈಕ್ ಇರುತ್ತವೆ, ಮೊದಲ ಎಕೋದಲ್ಲಿ ಏಳಿದ್ದವು. ನೀವು ಕರೆದ ದನಿ ಒಂದು ಮೈಕನ್ನು ಮುಟ್ಟಿದ ಮೇಲೆ ಇನ್ನೊಂದನ್ನು ಮುಟ್ಟಲು ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತ ಕಡಿಮೆ ಹೊತ್ತು ಸಾಕು. ಆ ವ್ಯತ್ಯಾಸದಿಂದಲೇ ನೀವು ಯಾವ ದಿಕ್ಕಿನಲ್ಲಿದ್ದೀರಿ ಅಂತ ಲೆಕ್ಕ ಹಾಕಿ ಅತ್ತ ಕಡೆಯ ದನಿಯನ್ನು ಎತ್ತಿ ಹಿಡಿಯುತ್ತದೆ. ಗೂಡಿನೊಳಗೆ ಈ ಲೆಕ್ಕ ಕೆಡುತ್ತದೆ. ಗೋಡೆಯಿಂದ ಒಂದು ಗೇಣಾದರೂ ಈಚೆಗೆ ಇಡಬೇಕು.

ಎರಡನೇ ತಪ್ಪು ಕೂಲರ್. ರಾಯಚೂರಿನ ಬೇಸಿಗೆ ಗೊತ್ತಲ್ಲ, ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದ್ದು ಸುದ್ದಿಯೇ ಅಲ್ಲ. ಕಿಟಕಿಗೆ ಕೂತ ಕೂಲರ್ ಬೆಳಗಿಂದ ರಾತ್ರಿವರೆಗೆ ಭರ್ರೋ ಅನ್ನುತ್ತಿರುತ್ತದೆ. ಮಾಡದಿಂದ ತೆಗೆದ ಸ್ಪೀಕರನ್ನು ನಾನು ಅದರ ಪಕ್ಕದ ಸ್ಟೂಲಿನ ಮೇಲೆ ಇಟ್ಟೆ. ತಾನು ಹಾಡುತ್ತಿರುವ ಹಾಡನ್ನು ಸ್ಪೀಕರ್ ಮೈಕಿಗೆ ಬಿದ್ದ ಸದ್ದಿನಿಂದ ಕಳೆದುಬಿಡಬಲ್ಲದು, ಯಾಕೆಂದರೆ ಅದೇನು ಹಾಡು ಅಂತ ಅದಕ್ಕೆ ಗೊತ್ತು. ಕೂಲರಿನ ಸದ್ದನ್ನು ಹಾಗೆ ಕಳೆಯಲು ಬರುವುದಿಲ್ಲ. ಅವ್ವ ನಾಲ್ಕು ಸಲ ಕೂಗಿ, "ಇದು ನಿಮ್ಮಪ್ಪನಂಗ ಐತಿ ನೋಡು, ಕೇಳಿದ್ರೂ ಕೇಳದವರಂಗ" ಅಂದಳು. ಅಪ್ಪ ಪೇಪರ್ ಮಡಚಲಿಲ್ಲ. ಸ್ಪೀಕರ್ ಈಗ ಎದುರು ಗೋಡೆಯ ಟೇಬಲ್ ಮೇಲಿದೆ, ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ಕರೆದರೂ ಏಳುತ್ತದೆ.

ಅವ್ವ ಅದನ್ನು ಅಲೆಕ್ಸಾ ಅನ್ನುವುದಿಲ್ಲ, ಅಲೆಕ್ಸವ್ವ ಅನ್ನುತ್ತಾಳೆ. ನೀಲವ್ವ, ಶಾಂತವ್ವ ಇದ್ದಹಾಗೆ. ಹೆಣ್ಣು ದನಿ, ಬರೀ ಹೆಸರು ಕರೆಯಲು ಅವಳಿಗೆ ಬಾಯಿ ಬರುವುದಿಲ್ಲ. 'ಅಲೆಕ್ಸ' ಅಷ್ಟರಲ್ಲಿ ಬಂದುಬಿಡುವುದರಿಂದ ಅದು ಏಳುತ್ತದೆ. ನಮ್ಮದರಲ್ಲಿ ಭಾಷೆ ಇಂಗ್ಲಿಷ್ ಇಟ್ಟಿದ್ದೇವೆ. ಅವ್ವನಿಗೆ ಅದೇನೂ ಅಡ್ಡಿಯಾಗಿಲ್ಲ. ಲೈಟ್, ಫ್ಯಾನ್, ಆನ್, ಆಫ್, ಇವೆಲ್ಲ ಕನ್ನಡವಾಗಿ ಎಷ್ಟು ವರ್ಷವಾಯಿತು!

ಜೋಡಿಸುವ ಕೆಲಸ ಹೆಚ್ಚೇನಿಲ್ಲ. ಪ್ಲಗ್ ಹಾಕಿ, ಮೊಬೈಲಿನಲ್ಲಿ ಆ್ಯಪ್ ತೆರೆದು, ವೈಫೈ ಪಾಸ್‌ವರ್ಡ್ ಕೊಟ್ಟರೆ ಮುಗಿಯಿತು. ಸ್ಮಾರ್ಟ್ ಬಲ್ಬ್, ಸ್ಮಾರ್ಟ್ ಪ್ಲಗ್ ಸೇರಿಸುವಾಗ ಒಂದು ಕಡೆ ಜನ ಎಡವುತ್ತಾರೆ. ಇವುಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ವೈಫೈಗೆ ಮಾತ್ರ ಸೇರುತ್ತವೆ, ಮೊಬೈಲ್ 5 ಗಿಗಾಹರ್ಟ್ಸ್ ಮೇಲೆ ಕೂತಿದ್ದರೆ ಒಮ್ಮೊಮ್ಮೆ ಜೋಡಣೆ ಆಗುವುದಿಲ್ಲ. ಹಳೇ ಕಲ್ಲಿನ ಮನೆಗೂ 2.4 ವಾಸಿ, ಗೋಡೆ ದಾಟುವುದರಲ್ಲಿ ಅದೇ ಗಟ್ಟಿ. ಗೀಸರಿಗೆ 16 ಆಂಪಿಯರಿನ ಪ್ಲಗ್ಗೇ ಬೇಕು, 6ರದ್ದು ತರಬೇಡಿ. ಕೂಲರನ್ನು ಮಾತಿನಿಂದ ಹಚ್ಚುವುದಾದರೆ ಟ್ಯಾಂಕಿನಲ್ಲಿ ನೀರಿದೆಯೋ ಇಲ್ಲವೋ ಅಂತ ಅಲೆಕ್ಸವ್ವ ನೋಡುವುದಿಲ್ಲ.

ಸಾಧನಗಳಿಗೆ ಇಡುವ ಹೆಸರೂ ಒಂಥರಾ ಕೂಗುವ ಹೆಸರೇ. ವ್ಯತ್ಯಾಸ ಅಂದರೆ ಇವನ್ನು ಗುರುತಿಸುವುದು ಸರ್ವರ್, ಹಾಗಾಗಿ ಇಲ್ಲಿ ನಮಗೆ ಬೇಕಾದ್ದು ಇಡಬಹುದು. ನಾನು 'ಪಡಸಾಲೆ ಲೈಟ್' ಅಂತ ಇಟ್ಟೆ. ಇಂಗ್ಲಿಷಿಗೆ ಇಟ್ಟ ಯಂತ್ರ ಅದನ್ನು ಹಿಡಿಯುವುದು ಹೇಗೆ? ಮೂರು ದಿನ ಒದ್ದಾಡಿ 'ಹಾಲ್ ಲೈಟ್' ಮಾಡಿದೆ. ತಪ್ಪು ನನ್ನದೇ.

ಕರೆಂಟ್ ಹೋದಾಗಿನ ಕಥೆಯೂ ಇದೆ. ಶಕ್ತಿನಗರದ ವಿದ್ಯುತ್ ಸ್ಥಾವರದ ಚಿಮಣಿಗಳ ಊರಿನವರಾದ ನಮಗೂ ಕರೆಂಟ್ ಹೋಗುತ್ತದೆ. ಒಂದು ರಾತ್ರಿ ಎರಡು ಗಂಟೆಗೆ ಬಂತು ನೋಡಿ, ಮಾತಿನಿಂದ ಆರಿಸಿ ಮಲಗಿದ್ದ ಬಲ್ಬುಗಳೆಲ್ಲ ಒಟ್ಟಿಗೇ ಝಗ್ ಅಂದವು. ದೆವ್ವ ಅಲ್ಲ. ಕರೆಂಟ್ ಮರಳಿದಾಗ ಹೊತ್ತಿಕೊಳ್ಳುವುದು ಎಷ್ಟೋ ಸ್ಮಾರ್ಟ್ ಬಲ್ಬುಗಳ ಹುಟ್ಟುಗುಣ. ಆ್ಯಪ್‌ನಲ್ಲಿ 'ಮೊದಲು ಹೇಗಿತ್ತೋ ಹಾಗೆ' ಅನ್ನುವ ಆಯ್ಕೆ ಇದ್ದರೆ ಅದನ್ನು ಇಟ್ಟುಕೊಳ್ಳಿ. ನಾನು ಎದ್ದು ಸ್ಪೀಕರಿಗೆ ಹೇಳಿದರೆ, ಇಂಟರ್ನೆಟ್ ಇಲ್ಲ ಅಂದಿತು. ರೌಟರ್ ಇನ್ನೂ ಕಣ್ಣುಜ್ಜಿಕೊಳ್ಳುತ್ತಿತ್ತು. ಈಗ ರೌಟರನ್ನು ಇನ್ವರ್ಟರಿಗೆ ಕೊಟ್ಟಿದ್ದೇನೆ.

ಹೊಸ್ತಿಲು ಅಂದಮೇಲೆ ಬಾಗಿಲ ಚಿಲಕವೂ ಬೇಕಲ್ಲ. ಹೆಚ್ಚಿನ ಸ್ಪೀಕರುಗಳಲ್ಲಿ ಮೈಕ್ ಬಂದ್ ಮಾಡುವ ಗುಂಡಿ ಇದೆ. ಅಲೆಕ್ಸಾದ್ದಾದರೆ ಒತ್ತಿದೊಡನೆ ಕೆಂಪು ದೀಪ. ಆಗ ಮೈಕಿಗೆ ಕರೆಂಟೇ ಹೋಗುವುದಿಲ್ಲ, ಹಾಗಾಗಿ ಕಿವಿಗೊಡುವುದು ಹಾಗಿರಲಿ, ಕಿವಿಗೆ ಬೀಳುವುದೂ ನಿಲ್ಲುತ್ತದೆ. ಸರ್ವರಿಗೆ ಹೋಗಿರುವ ಮಾತುಗಳ ಪಟ್ಟಿ ಆ್ಯಪ್‌ನಲ್ಲಿ ಸಿಗುತ್ತದೆ, ತಪ್ಪಾಗಿ ಎದ್ದ ಸಲದ ತುಣುಕುಗಳೂ ಅದರಲ್ಲಿ ಇರಬಹುದು. ಒಮ್ಮೆ ಕೂತು ಕೇಳಿ, ಬೇಡವಾದದ್ದು ಅಳಿಸಿ.

ತಂಗಿಯ ಸಂಬಂಧದ ಮಾತಿಗೆ ಬೀಗರಾಗುವವರು ಬಂದ ದಿನ, ಚಹಾ ತರುವ ಮೊದಲೇ ಅವ್ವ ಹೋಗಿ ಆ ಗುಂಡಿ ಒತ್ತಿದಳು. ಆಮೇಲೆ ಖಾತ್ರಿಗೆ ಅಂತ ಎರಡು ಸಲ ಮೆಲ್ಲಗೆ ಕರೆದಳು, "ಅಲೆಕ್ಸವ್ವಾ, ಏ ಅಲೆಕ್ಸವ್ವಾ." ಏಳಲಿಲ್ಲ. ಚಹಾ ತಂದಳು.