ಫೋನಲ್ಲಿ ಮಾತು ಕಡಿಯುತ್ತಿದೆಯಾ? ಮೊದಲು ಸ್ವಿಚ್ ನೋಡಿ

"ಸರ, ನೆಟ್ ಸ್ಪೀಡ್ ಚಲೋ ಐತ್ರಿ, ಆದ್ರ ಫೋನ್‌ನ್ಯಾಗ ಮಾತು ಕಟ್ ಆಗಿ ಆಗಿ ಬರ್ತೈತ್ರಿ." ಪುಣೆಯ ಭೋಸರಿಯಲ್ಲಿ ಕಾರ್ಖಾನೆ ನೋಡಿಕೊಳ್ಳುವ ವಿಜಯಪುರ ಕಡೆಯ ಮ್ಯಾನೇಜರ್ ಹೇಳಿದ್ದು. ಇಂಟರ್ನೆಟ್ ಪ್ಲಾನ್ ಆಗಲೇ ದೊಡ್ಡದು ಮಾಡಿಸಿದ್ದರು. ದುಡ್ಡು ಹೋಯಿತು, ತೊಂದರೆ ಹೋಗಲಿಲ್ಲ. ಅಲ್ಲಿನವು ಕಂಪ್ಯೂಟರ್ ನೆಟ್‌ವರ್ಕ್ ಮೇಲೇ ಓಡುವ ಐಪಿ ಫೋನ್‌ಗಳು. ಫೋನ್, ಕಂಪ್ಯೂಟರ್, ಕ್ಯಾಮೆರಾ ಎಲ್ಲವನ್ನೂ ಜೋಡಿಸುವ ಪೆಟ್ಟಿಗೆಯೇ ಸ್ವಿಚ್.

ಫೋನ್ ಮಾತಿಗೆ ಜಾಸ್ತಿ ಬ್ಯಾಂಡ್‌ವಿಡ್ತ್ ಬೇಡ. ಜಿ.711 ಕೋಡೆಕ್‌ನ (ಮಾತನ್ನು ಡಿಜಿಟಲ್ ಮಾಡುವ ಒಂದು ವಿಧಾನ) ಒಂದು ಕರೆ ಒಂದು ದಿಕ್ಕಿನಲ್ಲಿ 90 ಕೆಬಿಪಿಎಸ್ ಕೂಡ ಮುಟ್ಟುವುದಿಲ್ಲ. ಆದರೆ ಸೆಕೆಂಡಿಗೆ 50 ಪ್ಯಾಕೆಟ್ (ಡೇಟಾದ ಚಿಕ್ಕ ತುಂಡು), ಪ್ರತಿಯೊಂದೂ ಹೊತ್ತಿಗೆ ಸರಿಯಾಗಿ ತಲುಪಬೇಕು. ಫೈಲ್ ಕಾಯುತ್ತದೆ, ಬಿದ್ದುಹೋದದ್ದನ್ನು ಮತ್ತೆ ತರಿಸಿಕೊಳ್ಳುತ್ತದೆ. ಮಾತಿಗೆ ಆ ಅವಕಾಶ ಇಲ್ಲ.

ಹಾಗಾಗಿ ನಾನು ಮೊದಲು ಹುಡುಕುವುದು ಪ್ಯಾಕೆಟ್‌ಗಳ ಕ್ಯೂ ಎಲ್ಲಿ ನಿಲ್ಲುತ್ತಿದೆ ಅಂತ. ಆ ಕಾರ್ಖಾನೆಯಲ್ಲಿ 30 ಕ್ಯಾಮೆರಾ, ಒಂದೊಂದಕ್ಕೆ 4 ಎಂಬಿಪಿಎಸ್, ಒಟ್ಟು 120. ಅದೆಲ್ಲ ಹೋಗುತ್ತಿದ್ದದ್ದು 100 ಎಂಬಿಪಿಎಸ್‌ನ ಹಳೆಯ ಅಪ್‌ಲಿಂಕ್ (ಒಂದು ಸ್ವಿಚ್‌ನಿಂದ ಇನ್ನೊಂದಕ್ಕೆ ಹೋಗುವ ಕೊಂಡಿ) ಮೇಲೆ. ಫೋನ್‌ಗಳಿಗೂ ಅದೇ ದಾರಿ. ಕ್ಯೂಒಎಸ್ (ಯಾವ ಪ್ಯಾಕೆಟ್ ಮೊದಲು ಹೋಗಬೇಕು ಅಂತ ಹೇಳುವ ವ್ಯವಸ್ಥೆ) ಹಾಕಿದರೆ ಮಾತು ಉಳಿಯುತ್ತದೆ, ಕ್ಯಾಮೆರಾ ಚಿತ್ರ ಹಾಳಾಗುತ್ತದೆ. ಕ್ಯೂಒಎಸ್ ಹೊಸ ಬ್ಯಾಂಡ್‌ವಿಡ್ತ್ ಹುಟ್ಟಿಸುವುದಿಲ್ಲ, ಯಾರು ಕಾಯಬೇಕು ಅಂತ ಹೇಳುತ್ತದೆ ಅಷ್ಟೇ. ಅಲ್ಲಿ ಮೊದಲು ಬೇಕಾಗಿದ್ದದ್ದು ಗಿಗಾಬಿಟ್ ಅಪ್‌ಲಿಂಕ್.

ಗಿಗಾಬಿಟ್ ಇದ್ದರೂ ಕ್ಯೂ ಬರಬಹುದು. 5 ನಿಮಿಷದ ಸರಾಸರಿ ಗ್ರಾಫ್ ನಂಬಿ ಕೂರಬೇಡಿ. ಕೆಲವೇ ಮಿಲಿಸೆಕೆಂಡಿನ ನುಗ್ಗಾಟಕ್ಕೆ ಬಫರ್ (ಪ್ಯಾಕೆಟ್ ಕಾಯುವ ಜಾಗ) ತುಂಬಿ ಪ್ಯಾಕೆಟ್ ಬೀಳುತ್ತದೆ, ಗ್ರಾಫ್‌ನಲ್ಲಿ ಅದು ಕಾಣುವುದೇ ಇಲ್ಲ. ಸ್ವಿಚ್ ಪೋರ್ಟಿನ ಔಟ್‌ಪುಟ್ ಡ್ರಾಪ್ ಕೌಂಟರ್ (ಬಿದ್ದುಹೋದ ಪ್ಯಾಕೆಟ್‌ಗಳ ಲೆಕ್ಕ) ಏರುತ್ತಿದೆಯಾ ನೋಡಿ. ನಿಜ ಹೇಳುವುದು ಅದು.

ಆಮೇಲೆ ಗುರುತು. ಐಪಿ ಪ್ಯಾಕೆಟ್‌ನ ಆದ್ಯತೆ ಹೇಳುವ ಡಿಎಸ್‌ಸಿಪಿ ಅನ್ನುವ ಸಂಖ್ಯೆ 0ಯಿಂದ 63ರವರೆಗೆ ಇರುತ್ತದೆ, ಮಾತಿಗೆ ರೂಢಿಯಲ್ಲಿರುವುದು 46. ಫೋನ್ ತಾನೇ ಈ ಗುರುತು ಹಾಕಿ ಕಳಿಸುತ್ತದೆ. ಅದನ್ನು ಸ್ವಿಚ್ ನಂಬಬೇಕಲ್ವಾ? ತುಂಬ ಜನ ಎಡವುವುದು ಇಲ್ಲೇ. ಸಿಸ್ಕೊ ಕ್ಯಾಟಲಿಸ್ಟ್ 2960, 3560ರಂಥ ಹಳೆಯ ಸ್ವಿಚ್‌ಗಳಲ್ಲಿ ಕ್ಯೂಒಎಸ್ ಸುಮ್ನೆ ಆನ್ ಮಾಡಿದರೆ ಯಾವ ಪೋರ್ಟನ್ನೂ ಅದು ನಂಬುವುದಿಲ್ಲ. 46 ಅಂತ ಬಂದದ್ದು 0 ಆಗಿ ಹೊರಬೀಳುತ್ತದೆ. ಮೇಲಾಗಿ ಬಫರ್ ನಾಲ್ಕು ಕ್ಯೂಗಳಿಗೆ ಹಂಚಿಹೋಗಿ ಡ್ರಾಪ್ ಇನ್ನೂ ಜಾಸ್ತಿಯಾಗಬಹುದು. ಫೋನ್ ಇರುವ ಪೋರ್ಟಿಗೆ, ಸ್ವಿಚ್‌ಗಳ ನಡುವಿನ ಅಪ್‌ಲಿಂಕ್‌ಗೆ ಟ್ರಸ್ಟ್ ಕೊಡಿ. ಕಂಪ್ಯೂಟರ್‌ಗೆ ಬೇಡ, ಅದರೊಳಗಿನ ಯಾವ ಸಾಫ್ಟ್‌ವೇರ್ ಬೇಕಾದರೂ 46 ಹಾಕಿಕೊಂಡು ಮುಂದೆ ನುಗ್ಗೀತು.

ಮಾತಿಗೆ ಸ್ಟ್ರಿಕ್ಟ್ ಪ್ರಯಾರಿಟಿ ಕ್ಯೂ (ಯಾವಾಗಲೂ ಮೊದಲು ಬಿಡುವ ಸಾಲು) ಕೊಡಿ, ಜೊತೆಗೆ ಮಿತಿಯನ್ನೂ ಹಾಕಿ. ಮಿತಿ ಇಲ್ಲದಿದ್ದರೆ ಆ ಕ್ಯೂ ತುಂಬಿದಾಗ ಉಳಿದವರಿಗೆ ಸರದಿಯೇ ಬರುವುದಿಲ್ಲ. ಬಿಲ್ಲಿಂಗ್, ಕ್ಯಾಮೆರಾ, ಬ್ರೌಸಿಂಗ್‌ಗೆ ತೂಕ, ಅಂದರೆ ಬ್ಯಾಂಡ್‌ವಿಡ್ತ್‌ನ ಪಾಲು, ಹಂಚಿದರೆ ಸಾಕು. ಒಬ್ಬರು ಬಳಸದ ಪಾಲು ಇನ್ನೊಬ್ಬರಿಗೆ ಸಿಗುತ್ತದೆ.

ಹೊರಗಿನ ಕರೆ ಮಾತ್ರ ಕಡಿಯುತ್ತಿದ್ದರೆ ಕೆಲಸ ರೌಟರ್‌ನಲ್ಲಿದೆ. ಇಂಟರ್ನೆಟ್‌ನಲ್ಲಿ ನಮ್ಮ 46ಕ್ಕೆ ಬೆಲೆ ಸಿಗುತ್ತದೆ ಅಂತ ನಂಬುವ ಹಾಗಿಲ್ಲ. ಲೈನ್ 100 ಎಂಬಿಪಿಎಸ್ ಇದ್ದರೆ ಹೊರಹೋಗುವುದನ್ನು 95ಕ್ಕೆ ಶೇಪ್ ಮಾಡಿ, ಅಂದರೆ ಅದಕ್ಕಿಂತ ವೇಗವಾಗಿ ಹೋಗದಂತೆ ತಡೆಯಿರಿ. ಆಗ ಕ್ಯೂ ನಮ್ಮ ರೌಟರ್‌ನಲ್ಲೇ ನಿಲ್ಲುತ್ತದೆ, ಯಾರನ್ನು ಮೊದಲು ಬಿಡಬೇಕು ಅಂತ ನಾವೇ ಹೇಳಬಹುದು.